ಏಳನೇ ಕ್ಲಾಸಿಗೆ ಯುದ್ಧದ ಚಿತ್ರ ತೋರಿಸಬಹುದಾ ಅಂತ ಕೇಳಿದ ಮೂಡಿಗೆರೆ ಮೇಷ್ಟ್ರಿಗೆ

ಮೇಷ್ಟ್ರೇ, ಯುದ್ಧದಲ್ಲಿ ಊರು ಬಿಟ್ಟ ಮಕ್ಕಳು ಬಿಡಿಸಿದ ಚಿತ್ರ ತೋರಿಸಿದರೆ ನಮ್ಮ ಮಕ್ಕಳು ಹೆದರುತ್ತಾರಾ ಅಂದಿದ್ದೀರಿ. ಧೈರ್ಯವಾಗಿ ತೋರಿಸಿ. ಆದರೆ ಬಾಂಬಿನಿಂದ ಶುರು ಮಾಡಬೇಡಿ.

ಮೊದಲು ಟೆರೆಜಿನ್ ಚಿತ್ರಗಳು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗ ಅದು, ಈಗಿನ ಚೆಕ್ ದೇಶದಲ್ಲಿದೆ. ಅಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನೋ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು, 1944ರಲ್ಲಿ ತಮ್ಮನ್ನು ಆಶ್ವಿಟ್ಜ್ ಅನ್ನೋ ನಾಜಿಗಳ ಸಾವಿನ ಶಿಬಿರಕ್ಕೆ ಸಾಗಿಸುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಲ್ಲಿ ತುಂಬಿಟ್ಟು ಹೋದರು, ತಾವು ವಾಪಸ್ ಬರಲಿಲ್ಲ. ಚಿತ್ರಗಳಲ್ಲಿ ಹೂವು, ಚಿಟ್ಟೆ, ಬಿಟ್ಟು ಬಂದ ಮನೆ ಜಾಸ್ತಿ. ಆಮೇಲೆ ಸ್ಪೇನ್ ಅಂತರ್ಯುದ್ಧದವು (1936-39). ಅವುಗಳಲ್ಲಿ ವಿಮಾನ, ಬಾಂಬು ಎಲ್ಲಾ ಇವೆ. 600ಕ್ಕೂ ಜಾಸ್ತಿ ಚಿತ್ರ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ (UC San Diego) ಲೈಬ್ರರಿಯಲ್ಲಿವೆ, ಆನ್‌ಲೈನಲ್ಲೂ ನೋಡಬಹುದು.

"ಅರ್ಥ ಏನು" ಅಂತ ಮಾತ್ರ ಕೇಳಬೇಡಿ. ಸುಮ್ನೆ "ಏನೇನು ಕಾಣ್ತಿದೆ" ಅನ್ನಿ ಸಾಕು. ನಮ್ಮ ಹಾಸನದ ಕಡೆ ಗೊರೂರು ಡ್ಯಾಮಿಗೆ ಊರು ಕಳೆದುಕೊಂಡವರ ಮೊಮ್ಮಕ್ಕಳು ಈಗಲೂ ಇದ್ದಾರೆ, ಯುದ್ಧ ಬೇರೆ ಡ್ಯಾಮು ಬೇರೆ, ಒಪ್ತೀನಿ. ಆದರೂ ಹೀಗೇ ಒಮ್ಮೆ ತೋರಿಸಿದಾಗ ಒಬ್ಬ ಹುಡುಗ ಅಜ್ಜಿಯ ಹಳೇ ಮನೆ ಬಿಡಿಸಿದ. ಹಾಳೆ ತುಂಬ ನೀಲಿ, ಮೇಲೆ ಹಂಚಿನ ತುದಿ ಮಾತ್ರ, ಅದರ ಮೇಲೊಂದು ಕೋಳಿ.