ಉಪ್ಪಿಗೂ ಸರ್ಕಾರದ ಅಪ್ಪಣೆ ಬೇಕೆ?

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಹಳ್ಳಿ. ಅತ್ತೆಯವರ ಕಾಲದಿಂದಲೂ ಮನೆಗೆ ಸಾಣಿಕಟ್ಟಾದ ಕಲ್ಲುಪ್ಪೇ. ಈಗ ಸೊಸೆ ಬಸುರಿ. ಮೊನ್ನೆ ಆಶಾ ಕಾರ್ಯಕರ್ತೆ ಬಂದು, ನಾವು ಬಳಸುವ ಉಪ್ಪಿನ ಮೇಲೆ ಏನೋ ಹನಿ ಹಾಕಿ ನೋಡಿ, ‘ಇದರಲ್ಲಿ ಅಯೋಡಿನ್ ಇಲ್ಲ, ಪ್ಯಾಕೆಟ್ ಉಪ್ಪು ತನ್ನಿ’ ಎಂದಳು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇರುವುದಿಲ್ಲವೇ? ಸಾರಿಗೆ ಯಾವ ಉಪ್ಪು ಹಾಕಬೇಕೆಂದು ಸರ್ಕಾರ ಆದೇಶ ಹೊರಡಿಸಿದರೆ ಜನರ ಆರೋಗ್ಯ ಸುಧಾರಿಸುತ್ತದೆಯೇ?

ಉತ್ತರ: ಮೊದಲು ಸೊಸೆಯ ವಿಷಯ. ಆಶಾ ಹೇಳಿದ್ದು ಸರಿ ಅಮ್ಮ, ಇವತ್ತೇ ಉಪ್ಪು ಬದಲಿಸಿ. ಅಯೋಡಿನ್ ಇರುವ ಉಪ್ಪಿನ ಮೇಲೆ ಆ ಹನಿ ಬಿದ್ದರೆ ಕಣ್ಣೆದುರೇ ನೇರಳೆ ಬಣ್ಣ ಬರುತ್ತದೆ. ನಿಮ್ಮ ಉಪ್ಪು ಬೆಳ್ಳಗೇ ಉಳಿದಿರಬೇಕು. ಸಮುದ್ರದ ಮೀನಿನಲ್ಲಿ ಅಯೋಡಿನ್ ಚೆನ್ನಾಗಿಯೇ ಇದೆ, ಆದರೆ ಗದ್ದೆಯಲ್ಲಿ ನೀರು ನಿಲ್ಲಿಸಿ ಬಿಸಿಲಿಗೆ ಒಣಗಿಸಿದ ಉಪ್ಪಿನಲ್ಲಿ ಇರುವುದು ಲೆಕ್ಕಕ್ಕೆ ಸಿಗದಷ್ಟು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಬಸುರಿಗೆ 250 ಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನಿಂದಲೇ, ಆ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ಕೊರತೆ ತೀವ್ರವಾದರೆ ಮಗು ಕಿವುಡಾಗಬಹುದು, ಬುದ್ಧಿ ಬೆಳೆಯದೆ ಉಳಿಯಬಹುದು. ಕೊರತೆ ಅಲ್ಪವಾಗಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಶಾಲೆಯಲ್ಲಿ ಸ್ವಲ್ಪ ಹಿಂದೆ ಬೀಳುವ ಮಗುವನ್ನು ‘ದಡ್ಡ’ ಎಂದು ಬಿಟ್ಟುಬಿಡುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಇನ್ನು ಆದೇಶದ ಮಾತು. ಆದೇಶದಿಂದ ಏನಾಗುತ್ತದೆ, ಅದನ್ನು ಹಿಂತೆಗೆದರೆ ಏನಾಗುತ್ತದೆ ಎಂಬ ಎರಡನ್ನೂ ನಮ್ಮ ದೇಶ ಉಪ್ಪಿನ ವಿಷಯದಲ್ಲೇ ನೋಡಿಬಿಟ್ಟಿದೆ. 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ಎರಡು ವಲಯಗಳಲ್ಲಿ ಗಳಗಂಡ, ಅಂದರೆ ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವ ರೋಗ, ಗಣನೀಯವಾಗಿ ಇಳಿಯಿತು. ಆಮೇಲೆ ಮೂರನೆಯದಕ್ಕೂ ಅದೇ ಉಪ್ಪು ಹೋಯಿತು. 1962ರಲ್ಲಿ ಗಳಗಂಡ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಮುಂದೆ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದಕ್ಕೆ ದೇಶವ್ಯಾಪಿ ನಿಷೇಧವೂ ಬಂತು.

2000ದಲ್ಲಿ ಕೇಂದ್ರ ಸರ್ಕಾರ ಆ ನಿಷೇಧವನ್ನು ತೆಗೆದುಹಾಕಿತು. ಯಾವ ಉಪ್ಪು ತಿನ್ನಬೇಕೆಂಬುದನ್ನು ಜನರ ಮೇಲೆ ಹೇರಬಾರದು ಎಂಬುದು ಆಗಿನ ವಾದ. ನೀವು ಕೇಳಿದ್ದೂ ಅದನ್ನೇ, ತಪ್ಪು ಪ್ರಶ್ನೆಯಲ್ಲ. ಆದರೆ ಆದದ್ದೇನು? ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಸುವ ಮನೆಗಳು 1998-99ರ ಸಮೀಕ್ಷೆಯಲ್ಲಿ ಶೇ 49 ಇದ್ದವು, 2002-04ರ ಇನ್ನೊಂದು ಸಮೀಕ್ಷೆಯಲ್ಲಿ ಶೇ 30. ಎರಡೂ ಬೇರೆ ಬೇರೆ ಸಮೀಕ್ಷೆ, ಅಂಕಿಗಳನ್ನು ಕೂದಲೆಳೆಯಷ್ಟು ನಿಖರವಾಗಿ ಹೋಲಿಸುವಂತಿಲ್ಲ. ಆದರೂ ಇಷ್ಟು ದೊಡ್ಡ ಇಳಿತವನ್ನು ತಳ್ಳಿಹಾಕಲಾಗದು. ಆ ವರ್ಷಗಳಲ್ಲಿ ಯಾವ ತಾಯಿಯೂ ‘ನನಗೆ ಅಯೋಡಿನ್ ಬೇಡ’ ಎಂದು ತೀರ್ಮಾನಿಸಿರಲಿಲ್ಲ. ಅಂಗಡಿಯಲ್ಲಿ ಅಗ್ಗದ ಉಪ್ಪು ಬಂತು, ಕೊಂಡರು, ಅಷ್ಟೇ. ನಿಷೇಧ 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಯಾಯಿತು. 2009ರ ಹೊತ್ತಿಗೆ ಪ್ರಮಾಣ ಶೇ 71 ಮುಟ್ಟಿತು. ನಡುವೆ ಬಸುರಿನಲ್ಲಿದ್ದ ಮಕ್ಕಳಿಗೆ ಮಾತ್ರ ಆ ವರ್ಷಗಳು ಹಿಂದಿರುಗಲಿಲ್ಲ.

ಹಾಗೆಂದು ಸರ್ಕಾರ ಮನಬಂದಂತೆ ಆದೇಶಿಸಲಿ ಎನ್ನುತ್ತಿಲ್ಲ. ಈ ನಿಯಮ ಆಗಿನ ಆಹಾರ ಕಲಬೆರಕೆ ತಡೆ ಕಾಯ್ದೆಯ ವ್ಯಾಪ್ತಿ ಮೀರಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಜನರ ಆರೋಗ್ಯ ನೋಡಿ ಅದನ್ನು ತಕ್ಷಣ ನಿಲ್ಲಿಸದೆ ಆರು ತಿಂಗಳ ಅವಕಾಶ ಕೊಟ್ಟಿತು. ಅದೇ ವರ್ಷ ಹೊಸ ಆಹಾರ ಸುರಕ್ಷತಾ ಕಾಯ್ದೆಯಡಿ ನಿಯಮ ಮುಂದುವರಿಯಿತು. ಆರೋಗ್ಯದ ಆದೇಶಕ್ಕೂ ಕಾನೂನಿನ ಬೆಂಬಲ ಇರಬೇಕು ಎಂದು ಆ ತೀರ್ಪು ತೋರಿಸಿತು, ನನಗದು ಒಪ್ಪಿಗೆ.

ನಿಯಮವಿರುವುದು ಮಾರುವವರಿಗೆ. ನಿಮ್ಮ ಮನೆಯ ಭರಣಿಯೊಳಗೆ ಯಾರೂ ಇಣುಕುವುದಿಲ್ಲ. ಉಪ್ಪಿನಕಾಯಿಗೆ, ಮೀನು ಒಣಗಿಸಲು, ದನಕ್ಕೆ ಕಲ್ಲುಪ್ಪು ಧಾರಾಳವಾಗಿ ಬಳಸಿ. ಅಡುಗೆಗೆ ಮಾತ್ರ ‘ಅಯೋಡಿನ್‌ಯುಕ್ತ’ ಎಂದು ಬರೆದ ಪ್ಯಾಕೆಟ್ ತನ್ನಿ. ಅಂಥ ಕಲ್ಲುಪ್ಪೂ ಸಿಗುತ್ತದೆ, ಕೇಳಿ ನೋಡಿ. ತೆರೆದ ಬಟ್ಟಲಲ್ಲಿ, ಒಲೆಯ ಪಕ್ಕ ಇಡಬೇಡಿ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪು ನೀರೊಡೆದರೆ ಅಯೋಡಿನ್ ಅದರ ಜೊತೆಗೇ ಹೋಗುತ್ತದೆ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಒಳ್ಳೆಯದು. ಅಯೋಡಿನ್ ಸಿಗಲಿ ಎಂದು ಉಪ್ಪು ಜಾಸ್ತಿ ಮಾಡಬೇಡಿ, ದಿನಕ್ಕೆ ಐದು ಗ್ರಾಂ ಒಳಗೇ ಇರಲಿ. ಸೊಸೆಗೆ ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ಕೇಳಿ. ಆಶಾ ಮತ್ತೆ ಬಂದಾಗ ಹೊಸ ಪ್ಯಾಕೆಟಿನ ಉಪ್ಪಿಗೂ ಒಂದು ಹನಿ ಹಾಕಿಸಿ ನೋಡಿ.