ತೊಳೆದ ಕಾರಿನ ಬ್ರೇಕಿಗೆ ತುಕ್ಕು ಹಿಡಿಯುವುದೇಕೆ?

ಪ್ರಶ್ನೆ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವ ನಮ್ಮ ಕಾರನ್ನು ಪ್ರತಿ ಶನಿವಾರ ಬೆಳಿಗ್ಗೆ ತೊಳೆಸುತ್ತೇನೆ. ಸೋಮವಾರ ಕಚೇರಿಗೆ ಹೊರಡುವ ಹೊತ್ತಿಗೆ ಬ್ರೇಕ್ ಡಿಸ್ಕ್‌ಗಳು ಕೆಂಪಗಾಗಿರುತ್ತವೆ. ಅಲಾಯ್ ವೀಲ್‌ಗಳ ಮೇಲೂ ಕಂದು ಕಲೆಗಳು ಬಿದ್ದಿವೆ. ಡಿಸ್ಕಿಗೆ ಎಣ್ಣೆ ಅಥವಾ ತುಕ್ಕುನಿರೋಧಕ ಸ್ಪ್ರೇ ಹಚ್ಚಬಹುದೇ?
– ಓದುಗರೊಬ್ಬರು, ಜೆ.ಪಿ. ನಗರ, ಬೆಂಗಳೂರು

ಉತ್ತರ: ದಯವಿಟ್ಟು ಹಚ್ಚಬೇಡಿ. ಚಕ್ರದೊಡನೆ ತಿರುಗುವ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳ ನಡುವಿನ ಘರ್ಷಣೆಯಿಂದಲೇ ಕಾರು ನಿಲ್ಲುತ್ತದೆ. ಅಲ್ಲಿ ಎಣ್ಣೆಯ ತೆಳುವಾದ ಪದರವಿದ್ದರೂ ಬ್ರೇಕ್ ಹಿಡಿಯದೆ ಪ್ರಾಣಕ್ಕೆ ಅಪಾಯವಾದೀತು. ಎಣ್ಣೆ ಹೀರಿಕೊಂಡ ಪ್ಯಾಡ್‌ಗಳನ್ನು ಬದಲಿಸುವುದೊಂದೇ ದಾರಿ. ಮೇಣ, ಟೈರ್ ಪಾಲಿಷ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಸಾಮಾನ್ಯವಾಗಿ ಡಿಸ್ಕ್‌ಗಳನ್ನು ಬೀಡು ಕಬ್ಬಿಣದಿಂದ ಮಾಡಿರುತ್ತಾರೆ. ಪ್ಯಾಡ್ ಉಜ್ಜುವ ಭಾಗಕ್ಕೆ ಬಣ್ಣ ಬಳಿಯುವಂತಿಲ್ಲವಾದ್ದರಿಂದ, ನೀರು ತಾಗಿದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ತುಕ್ಕಿನ ತೆಳು ಪೊರೆ ಮೂಡುವುದು ಸಹಜ. ಗಾಳಿಯಾಡದ ನೆಲಮಾಳಿಗೆಯಲ್ಲಿ ತೇವ ಬೇಗ ಆರುವುದಿಲ್ಲ. ಆದ್ದರಿಂದ ನಿಮ್ಮ ತೊಂದರೆಯ ಮೂಲ ಕಾರನ್ನು ತೊಳೆಸುವುದರಲ್ಲಿಲ್ಲ, ತೊಳೆಸಿದ ಮೇಲೆ ಎರಡು ದಿನ ಹಾಗೆಯೇ ನಿಲ್ಲಿಸುವುದರಲ್ಲಿದೆ. ಬೆಳಗಿನ ಜಾವ ಕಾರು ತೊಳೆಯುವ ಹುಡುಗರು ಬಂದು ಹೋಗುವ ನಮ್ಮ ನಗರದ ಬಹುತೇಕ ವಸತಿ ಸಮುಚ್ಚಯಗಳಲ್ಲಿ ನಡೆಯುವುದೂ ಇದೇ.

ತೊಳೆಯುವ ದಿನವನ್ನು ನೀವು ಕಾರು ಹೊರತೆಗೆಯುವ ದಿನಕ್ಕೆ ಹೊಂದಿಸಿಕೊಳ್ಳಿ. ತೊಳೆದ ಕೂಡಲೇ ವಾಹನಸಂಚಾರ ವಿರಳವಾದ ರಸ್ತೆಯಲ್ಲಿ ಐದಾರು ನಿಮಿಷ ಓಡಿಸಿ, ಹಿಂದೆ ಯಾವ ವಾಹನವೂ ಇಲ್ಲವೆಂದು ಖಚಿತಪಡಿಸಿಕೊಂಡು ಹಲವು ಬಾರಿ ಮೃದುವಾಗಿ ಬ್ರೇಕ್ ಒತ್ತಿದರೆ, ಹುಟ್ಟುವ ಶಾಖಕ್ಕೆ ಡಿಸ್ಕ್ ಒಣಗುತ್ತದೆ. ಒದ್ದೆಯಾಗಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಹಿಂದಿನ ಚಕ್ರಗಳ ಬ್ರೇಕ್ ಶೂ (ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಕೆಲಸ ಮಾಡುವ ಭಾಗ) ಅಥವಾ ಪ್ಯಾಡ್ ಕಚ್ಚಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ತಡೆ ಕೊಡುವುದು ಒಳ್ಳೆಯದು. ದೂರ ಓಡಿ ಬಂದು ಕಾದಿರುವ ಡಿಸ್ಕಿಗೆ ಮಾತ್ರ ತಣ್ಣೀರು ಎರಚಬೇಡಿ, ಅದು ಸೊಟ್ಟಗಾಗುವ ಸಂಭವವಿದೆ.

ಇನ್ನು ವೀಲ್‌ಗಳ ಕಲೆ. ಅಲಾಯ್ ವೀಲ್ ಅಲ್ಯೂಮಿನಿಯಂನದಾದ್ದರಿಂದ ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಬ್ರೇಕ್ ಸವೆದು ಉದುರುವ ಕಬ್ಬಿಣದ ಕಣಗಳು ಅದರ ಮೇಲೆ ಅಂಟಿ, ತೇವಕ್ಕೆ ತುಕ್ಕಾಗುತ್ತವೆ. ಕಬ್ಬಿಣದ ಕಣ ತೆಗೆಯಲೆಂದೇ ಸಿಗುವ, ಆಮ್ಲರಹಿತ ದ್ರಾವಣವನ್ನು ತಣ್ಣಗಿರುವ ವೀಲಿಗೆ ಸಿಂಪಡಿಸಿದರೆ ಕಣಗಳಿರುವಲ್ಲಿ ನೇರಳೆ ಬಣ್ಣ ಮೂಡುತ್ತದೆ. ಅದು ಒಣಗುವ ಮುನ್ನ ಚೆನ್ನಾಗಿ ತೊಳೆದುಬಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಬಳಸಿದರೆ ವೀಲಿನ ಹೊಳಪೇ ಹೋದೀತು. ಕಲೆ ಹೋದ ಮೇಲೆ, ವೀಲನ್ನು ಕಳಚಿಸಿದಾಗ ಅದಕ್ಕಷ್ಟೇ ಮೇಣ ಹಚ್ಚಿಸಿದರೆ ಮುಂದೆ ಕಣಗಳು ಗಟ್ಟಿಯಾಗಿ ಅಂಟುವುದಿಲ್ಲ. ಬೋರ್‌ವೆಲ್‌ನ ಗಡಸು ನೀರು ಬಿಳಿ ಕಲೆಯನ್ನೂ ಬಿಡುವುದರಿಂದ ಕೊನೆಯಲ್ಲಿ ಒಣಬಟ್ಟೆಯಿಂದ ಒರೆಸಲೇಬೇಕು. ಹಾಗೆಂದು ಕಾವೇರಿ ನೀರು ಬಳಸಬೇಡಿ: ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಜಲಮಂಡಳಿ, ₹5,000 ದಂಡವನ್ನೂ ಗೊತ್ತುಮಾಡಿತ್ತು.

ವಿದ್ಯುತ್ ಕಾರು ಇರುವವರು ಹೆಚ್ಚು ಎಚ್ಚರ ವಹಿಸಬೇಕು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಡಿಸ್ಕಿಗೆ ಉಜ್ಜಾಟ ಕಡಿಮೆ, ತುಕ್ಕು ಉಳಿಯುವುದು ಹೆಚ್ಚು.

ಮಾಮೂಲಿ ತುಕ್ಕು ಮೊದಲ ಕೆಲವು ಬ್ರೇಕುಗಳಲ್ಲೇ ಉಜ್ಜಿ ಹೋಗುತ್ತದೆ. ಆಮೇಲೂ ಗರಗರ ಸದ್ದು ನಿಲ್ಲದಿದ್ದರೆ, ಪೆಡಲ್ ಅದುರಿದರೆ ಅಥವಾ ಡಿಸ್ಕಿನಲ್ಲಿ ಗುಳಿಗಳು ಕಂಡರೆ, ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ ಡಿಸ್ಕಿನ ದಪ್ಪವನ್ನು ಅಳತೆ ಮಾಡಿಸಿ.