ಸಂಪಾದಕರ ಉತ್ತರ: ಶಾಲೆ ಬಿಡಿಸಬೇಡಿ, ಮೊಬೈಲ್ ಬಿಡಿಸಿ

(ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಬರೆದ ಪತ್ರದ ಸಾರ: "ನಮ್ಮದು ರೇಷ್ಮೆ ಬೆಳೆಯುವ ಕ್ರೈಸ್ತ ಕುಟುಂಬ. ಮಗ ಮೂರನೇ ತರಗತಿ, ಮಗಳು ಯುಕೆಜಿ. ವಾರ್ಷಿಕೋತ್ಸವದಲ್ಲಿ ಮಗಳನ್ನು ಸಿನಿಮಾ ಹಾಡಿಗೆ ಕುಣಿಸಿದರು. ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಸರಸ್ವತಿ ಪೂಜೆ ಇರುತ್ತದೆ. ಪಕ್ಕದ ಮನೆಯ ಅಜ್ಜಿ ರಾಮನವಮಿಗೆ ಕೊಟ್ಟ ಕೋಸಂಬರಿಯನ್ನು ಮಗ ಅವರ ಎದುರಿಗೇ ಚರಂಡಿಗೆ ಸುರಿದು ಬಂದ. ಅವನ ಧೈರ್ಯಕ್ಕೆ ಸಂತೋಷವಾದರೂ ಮನಸ್ಸಿಗೆ ಕಸಿವಿಸಿ. ಲೋಕದ ಗಾಳಿ ಸೋಕದಂತೆ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಿ ಎಂದು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಹೇಳುತ್ತಿದ್ದಾರೆ. ಬಿಡಿಸಲೇ?" ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ.)

ಪ್ರಿಯ ಸಹೋದರಿಯವರಿಗೆ, ಕರ್ತನ ಹೆಸರಿನಲ್ಲಿ ವಂದನೆಗಳು.

ಬಿಡಿಸಬೇಡಿ. ಕಾರಣಗಳನ್ನು ಮುಂದೆ ಹೇಳುತ್ತೇನೆ. ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡುವ ಯೋಚನೆ ಇದ್ದರೆ ಅದನ್ನು ಮಾತ್ರ ಇವತ್ತೇ ಕೈಬಿಡಿ.

ನಿಮ್ಮ ಆತಂಕ ಅತಿಯಾಯಿತು ಎಂದು ನಾನು ಹೇಳುವುದಿಲ್ಲ. ಐದು ವರ್ಷದ ಹೆಣ್ಣುಮಗುವಿನ ತುಟಿಗೆ ಬಣ್ಣ ಹಚ್ಚಿ, ದೊಡ್ಡವರ ಹಾಡಿಗೆ ದೊಡ್ಡವರ ಹಾವಭಾವ ಕಲಿಸಿ, ವೇದಿಕೆ ಹತ್ತಿಸಿ, ಕೆಳಗೆ ಕುಳಿತವರು ಶಿಳ್ಳೆ ಹೊಡೆಯುವುದನ್ನು ನೋಡಿ ಸಂಕಟಪಡಲು ಕ್ರೈಸ್ತರೇ ಆಗಬೇಕಿಲ್ಲ. ಹೆತ್ತವರಾದರೆ ಸಾಕು. ಮಕ್ಕಳನ್ನು ಕಾಯುವುದು ನಿಮಗೆ ದೇವರು ವಹಿಸಿದ ಕೆಲಸ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಯಾವುದರಿಂದ ಕಾಯಬೇಕು ಎಂಬಲ್ಲಿ ನಿಮ್ಮ ಹಿರಿಯರಿಗೂ ನನಗೂ ಅಭಿಪ್ರಾಯ ಬೇರೆಯಾಗುತ್ತದೆ.

ನಿಮ್ಮ ಪತ್ರ ಮೂರು ಪುಟ ಇದೆ. ಶಾಲೆಗೆ ಒಂದು ಪುಟ, ನೆರೆಹೊರೆಗೆ ಒಂದು ಪುಟಕ್ಕಿಂತ ಹೆಚ್ಚು. ಕೊನೆಯಲ್ಲಿ, ಸಹಿಗೆ ಮುಂಚೆ, ಒಂದೂವರೆ ಸಾಲು ಹೀಗಿದೆ: ಹುಳು ಐದನೇ ಹಂತಕ್ಕೆ ಬಂದಾಗ ಏಳೆಂಟು ದಿನ ಹಗಲು ರಾತ್ರಿ ಸೊಪ್ಪು ಹಾಕುವುದೇ ಆಗುತ್ತದೆ, ಆಗ ಮಾತ್ರ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಬೈಬಲ್ ಕಾರ್ಟೂನ್ ಹಾಕಿ ಕೂರಿಸುತ್ತೇವೆ. ಸಹೋದರಿ, ನನಗೆ ನಿದ್ದೆ ಕೆಡಿಸಿದ್ದು ಈ ಒಂದೂವರೆ ಸಾಲು.

ರಾತ್ರಿ ಹತ್ತು ಗಂಟೆ. ನೀವೂ ಯಜಮಾನರೂ ಹುಳುಮನೆಯಲ್ಲಿ. ಮಕ್ಕಳಿಬ್ಬರೂ ಗೋಡೆಗೊರಗಿ ಒಂದೇ ಕಂಬಳಿಯೊಳಗೆ, ಮಧ್ಯದಲ್ಲಿ ಮೊಬೈಲ್. ನೀವು ಹಾಕಿಕೊಟ್ಟ ದಾವೀದನ ಕಥೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಏನು ಬರಬೇಕೆಂಬುದು ನಿಮ್ಮ ಕೈಯಲ್ಲಿಲ್ಲ. ಒಂದು ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವಂತೆ ಯೂಟ್ಯೂಬ್ ಅನ್ನು ಕಟ್ಟಿದ್ದಾರೆ, ಯಾವುದು ಹೆಚ್ಚು ಹೊತ್ತು ಹಿಡಿದು ಕೂರಿಸುತ್ತದೋ ಅಂಥದ್ದೇ ಮುಂದೆ ಬರುತ್ತದೆ. ಬೆರಳು ತಾಕಿದರೆ ಶಾರ್ಟ್ಸ್. ಸೊಪ್ಪು ಹಾಕಿ ಮುಗಿಸಿ ನೀವು ಬರುವಷ್ಟರಲ್ಲಿ ಮಕ್ಕಳು ಎಲ್ಲೆಲ್ಲಿಗೆ ಹೋಗಿ ಬಂದರು ಎಂಬುದು ನಿಮಗೆ ಗೊತ್ತಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಎಣಿಸಿ, ಅವರ ಬೆನ್ನು ಹತ್ತಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಅದರಿಂದ ನಿಮ್ಮ ಮನೆಗೆ ಏನು ಪ್ರಯೋಜನ? ಮೊಬೈಲ್‌ನಲ್ಲಿರುವುದು ಅಪ್ಪನ ಖಾತೆ. ಯೂಟ್ಯೂಬ್ ಪಾಲಿಗೆ ಅಷ್ಟು ಹೊತ್ತು ನೋಡುತ್ತಿದ್ದವರು ನಿಮ್ಮ ಯಜಮಾನರು.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರಿಗೆ ಎರಡು ಗಂಟೆಗಿಂತ ಕಡಿಮೆ ಇರಬೇಕು. ನಾನಾದರೆ ಇನ್ನೂ ಬಿಗಿ ಮಾಡುತ್ತೇನೆ. ನೀವು ಹುಳುಮನೆಯಲ್ಲಿರುವಾಗ ಮೊಬೈಲ್ ನಿಮ್ಮ ಜೊತೆಗೇ ಇರಲಿ. ಮಕ್ಕಳಿಗೆ ಹಾಡು, ಕಥೆ ಬೇಕೆಂದರೆ ಮೆಮೊರಿ ಕಾರ್ಡಿಗೆ ಹಾಕಿಸಿ, ಪರದೆಯಿಲ್ಲದ ಸಣ್ಣ ಸ್ಪೀಕರ್‌ನಲ್ಲಿ ಕೇಳಿಸಿ. ತೋರಿಸಲೇಬೇಕಾದ ದಿನ ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲಿ ನೀವು ಆರಿಸಿದ್ದನ್ನು ಬಿಟ್ಟು ಬೇರೇನೂ ಬಾರದಂತೆ ಕಟ್ಟುಮಾಡುವ ವ್ಯವಸ್ಥೆ ಇದೆ. ತಾನೇ ಮುಂದುವರಿಯುವ ಆಟೋಪ್ಲೇ ನಿಲ್ಲಿಸಿ. ಇಯರ್‌ಫೋನ್ ಕೊಡಬೇಡಿ, ಏನು ಕೇಳುತ್ತಿದೆಯೋ ಅದು ಮನೆಗೆಲ್ಲ ಕೇಳಿಸಲಿ.

ಇದಕ್ಕಿಂತ ಮುಖ್ಯವಾದದ್ದೊಂದಿದೆ. ಹೆದರಿಕೆಯಾಗುವಂಥದ್ದೋ ನಾಚಿಕೆಯಾಗುವಂಥದ್ದೋ ಕಣ್ಣಿಗೆ ಬಿದ್ದರೆ ಮೊಬೈಲ್ ಮಗುಚಿಟ್ಟು ಓಡಿ ಬಂದು ಅಮ್ಮನಿಗೆ ಹೇಳಬೇಕು, ಹೇಳಿದರೆ ಅಮ್ಮ ಬೈಯುವುದಿಲ್ಲ ಎಂದು ಇಬ್ಬರಿಗೂ ಇವತ್ತೇ ಹೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ನೋಡಿದ್ದನ್ನು ಮುಚ್ಚಿಡಲು ಕಲಿತ ಮಗುವನ್ನು ಯಾವ ಬೇಲಿಯೂ ಕಾಯುವುದಿಲ್ಲ.

ಬರೆಯಲು ಕಷ್ಟವಾದರೂ ಇಲ್ಲಿಯೇ ಹೇಳಬೇಕಾದ ಇನ್ನೊಂದು ವಿಷಯವಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಯದವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ನೆಂಟರಲ್ಲಿ, ಮನೆಗೆ ಬಂದು ಹೋಗುವವರಲ್ಲಿ, ನಮ್ಮ ಸಭೆಗಳಲ್ಲಿಯೂ ಅಂಥವರು ಇರಬಹುದು. ಹೊರಗಿನವರೆಂದರೆ ಕೆಟ್ಟವರು, ನಮ್ಮವರೆಂದರೆ ಒಳ್ಳೆಯವರು ಎಂದು ಕಲಿಸಿದ ಮಗು ಇಂಥ ಹೊತ್ತಿನಲ್ಲಿ ಬಾಯಿಯೇ ಬಿಡುವುದಿಲ್ಲ. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು ಎಂದು ಇಬ್ಬರಿಗೂ ಸ್ಪಷ್ಟವಾಗಿ ಹೇಳಿಕೊಡಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗನಿಗೆ ಬಾಯಿಪಾಠ ಮಾಡಿಸಿ.

ನಿಮ್ಮ ಹಿರಿಯರು ಒಂದನೇ ಯೋಹಾನನ ಪತ್ರಿಕೆಯ ಎರಡನೇ ಅಧ್ಯಾಯ ತೋರಿಸಿ, ಲೋಕವನ್ನು ಪ್ರೀತಿಸಬೇಡಿರಿ ಎಂದಿದೆಯಲ್ಲ ಎಂದಿದ್ದಾರೆ. ಇದೆ. ಅದರ ಮುಂದಿನ ವಚನವನ್ನೂ ಓದಿ. ಲೋಕದಲ್ಲಿರುವುದು ಏನೇನು ಎಂದು ಅಪೊಸ್ತಲನೇ ಹೇಳುತ್ತಾನೆ: ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಪಕ್ಕದ ಮನೆಯ ಅಜ್ಜಿ ಆ ಪಟ್ಟಿಯಲ್ಲಿಲ್ಲ. ಸರಕಾರಿ ಶಾಲೆಯೂ ಇಲ್ಲ. ಆದರೆ ಕ್ರಿಸ್ಮಸ್‌ಗೆ ಯಾರ ಮಗಳ ಫ್ರಾಕ್ ಹೆಚ್ಚು ಬೆಲೆಯದು ಎಂದು ಆರಾಧನೆ ಮುಗಿಯುವ ಮೊದಲೇ ಅಳತೆ ಹಾಕುವ ಕಣ್ಣು ಆ ಪಟ್ಟಿಯಲ್ಲಿದೆ. ನಮ್ಮ ಹುಡುಗನಿಗೆ ನಿಮ್ಮ ಹುಡುಗನಿಗಿಂತ ಹೆಚ್ಚು ಕಂಠಪಾಠ ವಚನ ಬರುತ್ತದೆ ಎಂಬ ಹೆಮ್ಮೆಯೂ ಇದೆ. ಇವು ಬಾಗಿಲು ಹಾಕಿದರೆ ಹೊರಗೆ ಉಳಿಯುವಂಥವಲ್ಲ. ಯೇಸು ತನ್ನ ಶಿಷ್ಯರಿಗಾಗಿ ಮಾಡಿದ ಪ್ರಾರ್ಥನೆ ಯೋಹಾನನ ಸುವಾರ್ತೆ ಹದಿನೇಳನೇ ಅಧ್ಯಾಯದಲ್ಲಿದೆ; ಅವರನ್ನು ಲೋಕದಿಂದ ತೆಗೆದುಕೊಂಡು ಹೋಗು ಎಂದು ಆತನು ಕೇಳಲಿಲ್ಲ, ಕೆಡುಕನಿಂದ ತಪ್ಪಿಸಿ ಕಾಪಾಡು ಎಂದು ಕೇಳಿದನು.

ಈಗ ಕೋಸಂಬರಿಯ ವಿಷಯ. ಇದನ್ನು ಓದಿ ನನಗೆ ನೋವಾಯಿತು. ನೀವು ತೋಟಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಇದೇ ಅಜ್ಜಿ ಎಂದು ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ನಿಮ್ಮ ಮಗುವೂ ತಿನ್ನಲಿ ಎಂದು ಎಲೆಯಲ್ಲಿ ಹಾಕಿ ಕೈಗಿಟ್ಟವರು. ಅವರ ಕಣ್ಣೆದುರಿಗೇ ಅದನ್ನು ಚರಂಡಿಗೆ ಸುರಿದದ್ದು ಧೈರ್ಯವಲ್ಲ. ಎಂಟು ವರ್ಷದ ಹುಡುಗನಿಗೆ ಅಷ್ಟು ತಾತ್ಸಾರ ತಾನಾಗಿ ಬರುವುದಿಲ್ಲ, ದೊಡ್ಡವರ ಮಾತಿನಿಂದ ಬಂದಿರುತ್ತದೆ. ನಿಮಗಾದ ಕಸಿವಿಸಿಯನ್ನು ನಂಬಿ.

ವಿಗ್ರಹಗಳಿಗೆ ಅರ್ಪಿಸಿದ್ದನ್ನು ತಿನ್ನಬೇಕೋ ಬಾರದೋ ಎಂಬ ಪ್ರಶ್ನೆ ಕೊರಿಂಥ ಸಭೆಯಲ್ಲೇ ಎದ್ದಿತ್ತು. ಪೌಲನು ಒಂದನೇ ಪತ್ರಿಕೆಯ ಎಂಟು ಮತ್ತು ಹತ್ತನೇ ಅಧ್ಯಾಯಗಳಲ್ಲಿ ಎಷ್ಟು ಜೋಪಾನವಾಗಿ ಬರೆಯುತ್ತಾನೆ ನೋಡಿ: ಊಟಕ್ಕೆ ಕರೆದ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಊಟಮಾಡಿ, ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ ಆ ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಿ. ಎರಡು ಕಡೆಯೂ ಎದುರಿಗಿರುವ ಮನುಷ್ಯನ ಮೇಲೆಯೇ ಅವನ ಗಮನ. ನಿಮ್ಮ ಮನೆಯಲ್ಲಿ ತಿನ್ನುವುದಿಲ್ಲ ಎಂದು ನೀವು ತೀರ್ಮಾನಿಸಿದ್ದರೆ ನನ್ನ ತಕರಾರಿಲ್ಲ. "ನಾವು ಪ್ರಸಾದ ತಿನ್ನುವುದಿಲ್ಲ ಅಜ್ಜಿ, ಬೇಜಾರು ಮಾಡಿಕೊಳ್ಳಬೇಡಿ" ಎಂದು ಮಗನಿಗೆ ಹೇಳಿಕೊಡಿ. ಅಜ್ಜಿಗೆ ಇದು ಖಂಡಿತ ಅರ್ಥವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಒಬ್ಬೊಬ್ಬರ ಮನೆಯ ನೇಮ ಒಂದೊಂದು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮೊದಲು ಮಗನ ಕೈ ಹಿಡಿದು ಅವರ ಮನೆಗೆ ಹೋಗಿ, ತಪ್ಪಾಯಿತು ಎಂದು ಅವನ ಬಾಯಿಂದಲೇ ಹೇಳಿಸಿ. ನೀವೂ ಹೇಳಿ.

ದಾನಿಯೇಲನನ್ನು ನೆನೆಯಿರಿ. ಬಾಬೆಲಿನ ಅರಮನೆಯಲ್ಲಿ ಕಸ್ದೀಯರ ಭಾಷೆಯನ್ನೂ ಗ್ರಂಥಗಳನ್ನೂ ಕಲಿತನು, ಅಲ್ಲಿನ ವಿದ್ಯಾರ್ಥಿಗಳಿಗೆಲ್ಲ ಮಿಗಿಲಾದನು. ರಾಜನ ಊಟ ಮಾತ್ರ ಒಲ್ಲೆ ಎಂದನು. ಒಲ್ಲೆ ಎಂದ ರೀತಿಯೇ ಅವನ ಹಿರಿಮೆ: ಅಧಿಕಾರಿಯನ್ನು ವಿನಯದಿಂದ ಬೇಡಿಕೊಂಡನು, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದು ದಾರಿಯನ್ನೂ ತಾನೇ ಸೂಚಿಸಿದನು. ತಟ್ಟೆ ಎಸೆಯಲಿಲ್ಲ.

ಶಾಲೆಯ ಎರಡು ಸಂಗತಿಗಳಿಗೂ ಇದೇ ದಾರಿ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಯಲ್ಲಾಗಲಿ ಪೂಜೆಯಲ್ಲಾಗಲಿ ಭಾಗವಹಿಸುವಂತೆ ಕಡ್ಡಾಯ ಮಾಡುವಂತಿಲ್ಲ. ಹಾಗೆಂದು ವಿಧಿಯ ಸಂಖ್ಯೆ ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಬೇಡಿ. ಮಗ ಪೂಜೆಯ ಹೊತ್ತಿನಲ್ಲಿ ಸುಮ್ಮನೆ, ಮರ್ಯಾದೆಯಿಂದ ನಿಂತಿರುತ್ತಾನೆ ಎಂದು ಮೇಷ್ಟರಿಗೆ ಮೊದಲೇ ತಿಳಿಸಿ. ವಾರ್ಷಿಕೋತ್ಸವಕ್ಕೆ ಕೋಲಾಟವನ್ನೋ ಒಂದು ಜಾನಪದ ಗೀತೆಯನ್ನೋ ಕಲಿಸಿ ಎಂದು ಶಿಕ್ಷಕಿಯರನ್ನು ಕೇಳಿ. ಜೊತೆಯ ಮಕ್ಕಳ ನಾಲ್ವರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಯಾರೂ ಕ್ರೈಸ್ತರಾಗಿರುವುದಿಲ್ಲ, ಆದರೂ ಬರುತ್ತಾರೆ ಎಂಬುದು ನನ್ನ ನಂಬಿಕೆ.

ಮನೆಯಲ್ಲೇ ಕಲಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಶಿಕ್ಷಣವನ್ನು ಶಾಲೆಯ ಲೆಕ್ಕದಲ್ಲೇ ನೋಡುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಮುಂದೆ ಹತ್ತನೇ ತರಗತಿ ಪರೀಕ್ಷೆಗೆ ಕೂರಬಹುದು, ನಿಜ. ಆದರೆ ಬೆಳಗ್ಗೆ ಸೊಪ್ಪು ಕೊಯ್ದು, ಮಧ್ಯಾಹ್ನ ಹುಳುಗಳ ಹಾಸಿಗೆ ಬದಲಿಸಿ, ಸಂಜೆ ಮತ್ತೆ ಸೊಪ್ಪಿಗೆ ಹೋಗುವ ತಾಯಿ ಯಾವ ಹೊತ್ತಿನಲ್ಲಿ ಗಣಿತ, ಇಂಗ್ಲಿಷ್ ಕಲಿಸಬೇಕು? ಹಿರಿಯರು ಅದನ್ನು ಯೋಚಿಸಿದಂತೆ ಕಾಣುವುದಿಲ್ಲ. ಶಾಲೆ ಬಿಟ್ಟ ಆ ಮಕ್ಕಳ ಕೈಗೆ ಕೊನೆಗೆ ಸೇರುವುದು ಮತ್ತೆ ಅದೇ ಮೊಬೈಲ್. ಅಲ್ಲದೆ ನಿಮ್ಮ ಜಿಲ್ಲೆಯ ಇತಿಹಾಸವೂ ಬೇರೆ ಮಾತು ಹೇಳುತ್ತದೆ. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಚಿಕ್ಕಬಳ್ಳಾಪುರಕ್ಕೆ ಬಂದು ಆಸ್ಪತ್ರೆ ಕಟ್ಟಿದರು; ಇಂದಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ಪತ್ರೆ ಅದೇ. ಅದರ ಬಾಗಿಲಲ್ಲಿ ಯಾರ ಜಾತಿ, ಯಾರ ದೇವರು ಎಂದು ಕೇಳಿ ಒಳಗೆ ಬಿಟ್ಟಿದ್ದರೆ ನಮ್ಮ ಸಭೆಗಳನ್ನು ಈ ನಾಡು ಹೀಗೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಕಾಯುವುದು ಹೇಗೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ತೇವ ಶೇಕಡಾ 85-90 ಇರಬೇಕು, ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಎರಡನೇ ಜ್ವರ (ಪೊರೆ ಬಿಡುವ ಹೊತ್ತು) ಕಳೆದು ನಿಮ್ಮ ಹುಳುಮನೆಗೆ ಬಂದು ಬೆಳೆದ ಮೇಲೂ ಅದೇ ಶಾಖ, ಅದೇ ತೇವದಲ್ಲಿ ಕಿಟಕಿ ಮುಚ್ಚಿ ಇಟ್ಟರೆ ಹುಳುವಿಗೆ ರೋಗ ತಗಲುತ್ತದೆ. ದೊಡ್ಡ ಹುಳುವಿಗೆ 24-25 ಡಿಗ್ರಿ ಸಾಕು, ಗಾಳಿ ಆಡಬೇಕು. ಅದಕ್ಕೇ ಕಿಟಕಿ ತೆರೆದಿಡುತ್ತೀರಿ, ಊಜಿ ನೊಣ ಬಾರದಂತೆ ಬಲೆ ಕಟ್ಟುತ್ತೀರಿ. ನಿಮ್ಮ ಮಗಳು ಇನ್ನೂ ಚಾಕಿ. ಅವಳ ಪರವಾಗಿ ನೀವೇ ತೀರ್ಮಾನಿಸಿ, ಬೇಡ ಎಂದರೆ ಬೇಡ, ವಿವರಣೆ ಬೇಕಿಲ್ಲ. ಮಗನಿಗೆ ಗಾಳಿ ಬೇಕು. ಅವನಿಗೆ ಬೇಡ ಎನ್ನುವಾಗ ಯಾಕೆ ಬೇಡ ಎಂದೂ ಹೇಳಿ, ಅವನ ಪ್ರಶ್ನೆ ಮುಗಿಯುವ ತನಕ ಕೇಳಿ. ತಂದೆಗಳೇ, ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿದೆ. ಯಜಮಾನರಿಗೂ ಆ ವಚನ ತೋರಿಸಿ.

ಕುಟುಂಬ ಪ್ರಾರ್ಥನೆ ರಾತ್ರಿ ಒಂದು ಗಂಟೆ ನಡೆಯುತ್ತದೆ, ಮಗಳು ತೂಕಡಿಸಿದರೆ ಎಬ್ಬಿಸಿ ಕೂರಿಸುತ್ತೇವೆ ಎಂದಿದ್ದೀರಿ. ಹದಿನೈದು ನಿಮಿಷಕ್ಕೆ ಇಳಿಸಿ. ಒಂದು ಕೀರ್ತನೆ ಹಾಡಿ, ಒಂದು ಕಥೆ ಹೇಳಿ, ಮಕ್ಕಳಿಂದಲೇ ಎರಡು ಮಾತು ಪ್ರಾರ್ಥನೆ ಮಾಡಿಸಿ. ಉಳಿದದ್ದನ್ನು ಧರ್ಮೋಪದೇಶಕಾಂಡ ಆರನೇ ಅಧ್ಯಾಯ ಹೇಳಿದಂತೆ ಹಗಲಿನಲ್ಲಿ ಮಾಡಿ: ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಐದನೇ ಹಂತದ ಆ ವಾರವೂ ಮಗ ಹುಳುಮನೆಯಲ್ಲಿ ನಿಮ್ಮ ಜೊತೆಗೇ ಇರಲಿ, ಸೊಪ್ಪಿನ ಕಟ್ಟು ಬಿಚ್ಚಿ ಕೊಡಲಿ, ಎಂಟೂವರೆಗೆ ಇಬ್ಬರೂ ಮಲಗಲಿ. ಅಜ್ಜಿಯನ್ನು ಕೇಳಿದರೆ ಆ ರಾತ್ರಿಗಳಲ್ಲಿ ಮಗಳ ಪಕ್ಕದಲ್ಲಿ ಕೂರಲು ಅವರು ಬಂದಾರು. ಹೋಗಿ ಕ್ಷಮೆ ಕೇಳಿ ಬಂದ ಮೇಲೆ ಕೇಳಿ.

ಈ ಉತ್ತರವನ್ನು ನಿಮ್ಮ ಹಿರಿಯರಿಗೂ ಓದಲು ಕೊಡಿ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ನಾನು ಹೇಳಿದ್ದು ವೇದಕ್ಕೆ ವಿರೋಧವೆಂದು ಅವರಿಗೆ ಕಂಡರೆ ಪತ್ರಿಕೆಗೆ ಬರೆಯಲಿ. ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.

ಸಂಪಾದಕ